ನವಿಲು ಕಾಯುವ ಕೆಲಸ

ನವಿಲು ನೋಡಲು ಹೋಗುತ್ತೇನೆ ಎಂದರೆ ಶಿವಮೊಗ್ಗದಲ್ಲಿ ಯಾರೂ ಅದನ್ನೊಂದು ಕೆಲಸವೆಂದು ಒಪ್ಪುವುದಿಲ್ಲ. ಹುಲಿ ನೋಡುವವರಿಗೆ ಜೀಪಿದೆ, ಟಿಕೆಟ್ಟಿದೆ, ಕಾಣದೆ ವಾಪಸು ಬಂದರೂ ಹೇಳಿಕೊಳ್ಳಲು ಒಂದು ಕತೆಯಿದೆ. ಮಂಡಗದ್ದೆಯ ಬೆಳ್ಳಕ್ಕಿಗಳನ್ನು ನೋಡಲು ತುಂಗೆಯ ದಡದಲ್ಲಿ ಗೋಪುರ ಕಟ್ಟಿದ್ದಾರೆ. ಭದ್ರಾ ಜಲಾಶಯದ ನಡುಗಡ್ಡೆಯಲ್ಲಿ ಮೊಟ್ಟೆಯಿಡುವ ರೀವ ಹಕ್ಕಿಗಳಿಗಾಗಿ ಬೇಸಿಗೆಯಲ್ಲಿ ದೂರದೂರದಿಂದ ಕ್ಯಾಮೆರಾ ಹೊತ್ತವರು ಬರುತ್ತಾರೆ. ನವಿಲಿಗೆ ಇದ್ಯಾವ ಮರ್ಯಾದೆಯೂ ಇಲ್ಲ. ಅದು ಭದ್ರಾವತಿ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಒಮ್ಮೆ ಪಕ್ಕದ ಸೀಟಿನಲ್ಲಿದ್ದ ರೈತರೊಬ್ಬರು ನನ್ನ ಕೊರಳಿನ ದುರ್ಬೀನು ನೋಡಿ, ಯಾವ ಹಕ್ಕಿಗೆ ಎಂದು ಕೇಳಿದರು. ಹೇಳಿದೆ. 'ಅಯ್ಯೋ ನಮ್ಮ ಹೊಲಕ್ಕೆ ಬಾರಮ್ಮ, ಬೇಕಾದಷ್ಟಿವೆ. ಹೋಗುವಾಗ ಎಲ್ಲಾನೂ ಕರ್ಕೊಂಡೇ ಹೋಗು' ಎಂದರು. ಬಸ್ಸಿನಲ್ಲಿ ನಾಲ್ಕೈದು ಜನ ನಕ್ಕರು. ಆ ನಗೆಯೊಳಗೆ ತಮಾಷೆ ಎಷ್ಟು, ಸಿಟ್ಟು ಎಷ್ಟು ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ನಾನು ಹಕ್ಕಿ ವಿಜ್ಞಾನದವಳಲ್ಲ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಕನ್ನಡದ ಸಂಶೋಧನಾರ್ಥಿ. ಭದ್ರಾವತಿ ತಾಲ್ಲೂಕಿನ ಬೇಸಾಯದ ಮಾತುಗಳನ್ನು ಕೂಡಿಹಾಕುವುದು ನನ್ನ ಕೆಲಸ: ಬಿತ್ತನೆ, ಕುಂಟೆ, ಕಾವಲು, ಕಣ, ಇವುಗಳ ಸುತ್ತಲಿನ ನುಡಿ. ಈ ಕೆಲಸಕ್ಕೆ ಹಳ್ಳಿ ಹಳ್ಳಿ ತಿರುಗಬೇಕು. ಮಧ್ಯಾಹ್ನದ ಹೊತ್ತು ಜನ ಮಾತಿಗೆ ಸಿಗುತ್ತಾರೆ, ಬೆಳಗ್ಗೆ ಸಿಗುವುದಿಲ್ಲ. ಬೆಳಗಿನ ಆ ಖಾಲಿ ಹೊತ್ತಿನಲ್ಲಿ ಊರಿನ ಆಚೆಯ ಕುರುಚಲು ಕಾಡಿನಲ್ಲಿ ನಡೆಯುವ ಅಭ್ಯಾಸ ಬೆಳೆಯಿತು. ಶಂಕರಘಟ್ಟದ ನಮ್ಮ ಜ್ಞಾನಸಹ್ಯಾದ್ರಿ ಆವರಣದಲ್ಲೂ ನವಿಲುಗಳ ಕೂಗು ಕೇಳದ ದಿನವಿಲ್ಲ. ಆದರೆ ಕ್ಯಾಂಪಸ್ಸಿನ ನವಿಲು ಮನುಷ್ಯರಿಗೆ ಹೊಂದಿಕೊಂಡದ್ದು. ಕುರುಚಲಿನ ನವಿಲು ಹಾಗಲ್ಲ. ನಾವು ಅದನ್ನು ನೋಡುವ ಮೊದಲೇ ಅದು ನಮ್ಮನ್ನು ನೋಡಿರುತ್ತದೆ.

ಆ ಜಾಗದ ಹೆಸರನ್ನು ಬರೆಯುವುದಿಲ್ಲ. ಭದ್ರಾವತಿಯಿಂದ ಹೊಳೆಹೊನ್ನೂರಿನ ಕಡೆ ಹೋಗುವಾಗ ಸಿಗುವ ಒಂದು ಬೋಳು ಗುಡ್ಡ, ಅದರ ಕೆಳಗೊಂದು ಸಣ್ಣ ಕೆರೆ, ಕೆರೆಯ ಈಚೆ ಹೊಲಗಳು ಎಂದರೆ ಸಾಕು. ಹೆಸರು ಬರೆದರೆ ನೋಡುವವರಿಗಿಂತ ಮೊದಲು ಬಲೆ ಹಾಕುವವರು ಬರುತ್ತಾರೆ. ಅಲ್ಲಿ ಲಂಟಾನ, ಕಾರೆ, ಕವಳಿ, ತಂಗಡಿ, ನಡುನಡುವೆ ಮುತ್ತುಗ. ಅಂಚಿನಲ್ಲಿ ಸಾಲಾಗಿ ನೆಟ್ಟ ನೀಲಗಿರಿ. ಮಳೆಕಾಡಿನ ಫೋಟೋ ನೋಡಿ ಮಲೆನಾಡು ಅಂದುಕೊಂಡವರಿಗೆ ಇದು ಕಾಡೇ ಅಲ್ಲ. ಸರಕಾರಿ ಕಾಗದದಲ್ಲಿ ಇಂಥ ನೆಲವನ್ನು ಬಹುಪಾಲು ಪಾಳುಭೂಮಿ ಎಂದೇ ಬರೆದಿರುತ್ತಾರೆ.

ಭದ್ರಾವತಿಯ ಸುತ್ತಲಿನ ನೆಲಕ್ಕೆ ಒಂದು ಚರಿತ್ರೆಯಿದೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ತೊಡಗಿತು. 1923ರಲ್ಲಿ ಕಬ್ಬಿಣ ಹೊರಬಂತು. ಅದಿರು ಕೆಮ್ಮಣ್ಣುಗುಂಡಿಯದು. ಅದನ್ನು ಕರಗಿಸಲು ಕಲ್ಲಿದ್ದಲು ಇರಲಿಲ್ಲ, ಸುತ್ತಲ ಕಾಡಿನ ಸೌದೆಯನ್ನು ಸುಟ್ಟ ಇದ್ದಿಲು ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಆ ಕಾರ್ಖಾನೆಯನ್ನು ನಾವು ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೇವೆ. ಅದರ ಕುಲುಮೆಗೆ ಹೋದ ಮರಗಳ ಲೆಕ್ಕ ಪಠ್ಯದಲ್ಲಿ ಇರಲಿಲ್ಲ. ಆಮೇಲೆ ಕಾಗದದ ಕಾರ್ಖಾನೆ ಬಂತು, ಅದರ ಹಿಂದೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು. ದಟ್ಟ ಕಾಡಿನ ಹಕ್ಕಿಗಳು ಹಿಂದೆ ಸರಿದಿರಬೇಕು. ಪೊದೆ, ಬಯಲು, ಬೇಸಾಯದ ಅಂಚು ಬೇಕಾದ ನವಿಲಿಗೆ ಮಾತ್ರ ಈ ಹೊಸ ನೆಲ ಹೇಳಿ ಮಾಡಿಸಿದಂತಿತ್ತು. ಭದ್ರಾ ಕಾಲುವೆಯ ನೀರು ಬೇಸಿಗೆಯಲ್ಲೂ ಸಿಗುವಂತಾದ ಮೇಲೆ ಕೇಳುವುದೇ ಬೇಡ.

ಕಾಲ್ನಡಿಗೆಯಲ್ಲಿ ನವಿಲು ನೋಡುವುದಕ್ಕೆ ದೊಡ್ಡ ವಿದ್ಯೆ ಬೇಡ, ಕೆಲವು ರೂಢಿಗಳು ಬೇಕು. ಬೆಳಕು ಹರಿಯುವ ಮೊದಲೇ ಹೋಗಿ ಕೂರಬೇಕು. ರಾತ್ರಿ ಅವು ಎತ್ತರದ ಮರದ ಮೇಲೆ ಮಲಗುತ್ತವೆ. ಬೆಳಕಾದ ಮೇಲೆ ಒಂದೊಂದಾಗಿ ಧುಮುಕುತ್ತವೆ. ಅಷ್ಟು ಭಾರದ ಹಕ್ಕಿ ನೆಲಕ್ಕಿಳಿಯುವ ಸದ್ದು ತೆಂಗಿನಗರಿ ಬಿದ್ದಂತೆ ಕೇಳಿಸುತ್ತದೆ. ಇಳಿದ ಮೇಲೆ ಸ್ವಲ್ಪ ಹೊತ್ತು ಅಲ್ಲಾಡುವುದಿಲ್ಲ. ಕತ್ತು ಮಾತ್ರ ತಿರುಗುತ್ತದೆ. ಆಮೇಲೆ ಸಾಲು ಹಿಡಿದು ಹೊರಡುತ್ತವೆ, ದಿನವೂ ಹೆಚ್ಚುಕಡಿಮೆ ಅದೇ ದಾರಿ. ಅವುಗಳ ಹಿಂದೆ ಹೋಗಬಾರದು. ದಾರಿ ಗೊತ್ತಾದ ಮೇಲೆ ಮುಂದೆ ಹೋಗಿ ಕಾಯಬೇಕು. ಬಿಸಿಲೇರಿದಾಗ ಮಣ್ಣಿನ ಗುಂಡಿಯಲ್ಲಿ ಹೊರಳಿ ಧೂಳಿನ ಸ್ನಾನ ಮಾಡುತ್ತವೆ. ರಾಜಗಾಂಭೀರ್ಯದ ಹಕ್ಕಿಯೊಂದು ಕಾಲು ಮೇಲೆ ಮಾಡಿ ಧೂಳು ಎರಚಿಕೊಳ್ಳುವುದನ್ನು ನೋಡಿದವರು ಕ್ಯಾಲೆಂಡರಿನ ನವಿಲನ್ನು ಮತ್ತೆ ಅದೇ ಕಣ್ಣಿನಿಂದ ನೋಡಲಾರರು.

ಒಬ್ಬಳೇ ಹುಡುಗಿ ಗುಡ್ಡದ ಬುಡದಲ್ಲಿ ಏನು ಮಾಡುತ್ತಿದ್ದಾಳೆ ಎಂಬುದು ಇನ್ನೊಂದು ಸಮಸ್ಯೆ. ಕುರಿ ಕಾಯುವವರು, ಸೌದೆಗೆ ಬಂದವರು, ಬೈಕು ನಿಲ್ಲಿಸಿ ಕೇಳುವವರು. 'ಯಾರ ಮನೆಯವಳಮ್ಮ?' ಎಂಬುದು ಮೊದಲ ಪ್ರಶ್ನೆ. ಪುಣ್ಯಕ್ಕೆ ಆ ಕೆರೆಯ ಈಚೆಗಿನ ಎರಡು ಎಕರೆ ನನ್ನ ಸೋದರಮಾವನದು. ಮಾವನ ಹೆಸರು ಹೇಳಿದರೆ ಪ್ರಶ್ನೆಗಳು ನಿಲ್ಲುತ್ತಿದ್ದವು. ನಾನು ನವಿಲಿನ ಹಿಂದೆ ನೆಮ್ಮದಿಯಾಗಿ ತಿರುಗಿದ್ದು, ನವಿಲನ್ನು ಕಂಡರಾಗದ ಮನುಷ್ಯನ ಹೆಸರಿನ ಬಲದಿಂದ.

ಚಿಕ್ಕಂದಿನಲ್ಲಿ ನಾವೆಲ್ಲ ಪುಸ್ತಕದ ನಡುವೆ ನವಿಲುಗರಿ ಇಟ್ಟು, ಅದು ಮರಿ ಹಾಕುತ್ತದೆಂದು ಕಾದವರೇ. ಆ ಗರಿಯ ನೀಲಿ ಬಣ್ಣವಲ್ಲ ಎಂದು ಆಮೇಲೆ ತಿಳಿಯಿತು. ಗರಿಯನ್ನು ಅರೆದರೆ ಕಂದು ಪುಡಿ ಉಳಿಯುತ್ತದೆ. ಗರಿಯೊಳಗಿನ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದಾಗ ಹುಟ್ಟುವ ನೀಲಿ ಅದು. ನಾವು ಬಾಲ ಎನ್ನುವುದು ಬಾಲವೂ ಅಲ್ಲ. ಬೆನ್ನಿನ ತುದಿಯಲ್ಲಿ, ಬಾಲವನ್ನು ಮುಚ್ಚುವ ಪುಕ್ಕಗಳು ಬೆಳೆದು ಸೋಗೆಯಾಗಿವೆ. ನಿಜವಾದ ಬಾಲ ಹಿಂದೆ ನಿಂತು, ಸೋಗೆಯನ್ನು ಎತ್ತಿ ಹಿಡಿಯುವ ಗಿಡ್ಡ ಕಂದು ಗರಿಗಳ ಗುಂಪು. ಮಳೆಗಾಲ ಮುಗಿಯುತ್ತ ಬಂದಂತೆ ಗಂಡು ಸೋಗೆಯನ್ನು ಉದುರಿಸುತ್ತದೆ. ಹಾಗೆ ಉದುರಿದ ಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ, ಹೊರದೇಶಕ್ಕೆ ಕಳಿಸಲು ಬಿಡುವುದಿಲ್ಲ.

ಸೋಗೆ ಇಲ್ಲದ ಹೆಣ್ಣು ನವಿಲಿನ ಕಡೆ ಯಾರೂ ಕ್ಯಾಮೆರಾ ತಿರುಗಿಸುವುದಿಲ್ಲ. ನನ್ನ ಟಿಪ್ಪಣಿ ಪುಸ್ತಕ ತುಂಬಿದ್ದು ಮಾತ್ರ ಹೆಣ್ಣುಗಳಿಂದ. ಗಂಡು ತನ್ನ ಬಯಲಿನಲ್ಲಿ ಸೋಗೆ ಬಿಚ್ಚಿ ನಡುಗಿಸುತ್ತ ನಿಂತಾಗ, ಎದುರಿನ ಹೆಣ್ಣು ಬಹಳ ಸಲ ಹುಳು ಹೆಕ್ಕುತ್ತಲೇ ಇರುತ್ತದೆ. ನೋಡುತ್ತಿಲ್ಲ ಅನ್ನಿಸುತ್ತದೆ. ಆದರೆ ಆಯ್ಕೆ ಅದರದೇ. ಆಯ್ಕೆ ಮುಗಿದ ಮೇಲೆ ಗಂಡಿಗೆ ಸಂಸಾರವಿಲ್ಲ. ಪೊದೆಯ ಕೆಳಗೆ ನೆಲ ಕೆದರಿ ಮೊಟ್ಟೆಯಿಟ್ಟು, ನಾಲ್ಕು ವಾರ ಕಾವು ಕೂತು, ಮರಿಗಳನ್ನು ನಾಯಿ, ನರಿ, ಮುಂಗುಸಿಗಳಿಂದ ಉಳಿಸುವುದು ಹೆಣ್ಣಿನ ಪಾಲು. 'ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ಕೆದರಿತಂತೆ' ಎಂಬ ಗಾದೆಯಲ್ಲಿ ಕೂಡ ಇರುವುದು ಗಂಡು ನವಿಲೇ. ಆ ಗುಡ್ಡದಲ್ಲಿ ಎರಡೂ ಇವೆ. ಕೆಂಬೂತ ಲಂಟಾನದೊಳಗೆ ತನ್ನ ಪಾಡಿಗೆ ತಾನು ಓತಿ ಹುಡುಕುತ್ತಿರುತ್ತದೆ. ಪುಕ್ಕ ಕೆದರಿದ್ದನ್ನು ನಾನಂತೂ ಕಂಡಿಲ್ಲ.

ಹೋದ ವರ್ಷ ಜೂನ್ ತಿಂಗಳಲ್ಲಿ, ಕೆರೆಯ ಕೋಡಿಯ ಹತ್ತಿರ ಮೂರು ಹೆಣ್ಣು ನವಿಲುಗಳು ಸತ್ತು ಬಿದ್ದಿದ್ದವು. ಮೈಮೇಲೆ ಗಾಯವಿರಲಿಲ್ಲ. ಒಂದರ ಕೊಕ್ಕಿನ ಬಳಿ ಕಾಳುಗಳು ಚೆಲ್ಲಿದ್ದವು. ನಾನು ಅರಣ್ಯ ಇಲಾಖೆಗೆ ಫೋನು ಮಾಡಿದೆ. ಅವರು ಬಂದು, ಬರೆದುಕೊಂಡು, ಹಕ್ಕಿಗಳನ್ನು ತೆಗೆದುಕೊಂಡು ಹೋದರು. ಯಾರ ಮೇಲೂ ಕೇಸಾಗಲಿಲ್ಲ. ಆದರೆ ಫೋನು ಮಾಡಿದವರು ಯಾರು ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿದಿತ್ತು.

ಮಾವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಕೇಳಿದರು. 'ನಾನು ಇಟ್ಟೆ ಅನ್ಕೊಂಡಿದೀಯೇನೇ?'

'ಇಲ್ಲ ಮಾವ.'

'ಇಟ್ಟೋರು ಯಾರು ಅಂತ ನಂಗೆ ಗೊತ್ತು. ಹೇಳಲ್ಲ. ಯಾಕೆ ಇಟ್ಟ ಅಂತಾನೂ ಗೊತ್ತು. ನೀನು ಪುಸ್ತಕದಲ್ಲಿ ಗರಿ ಇಟ್ಕೊಂಡು ಬೆಳೆದವಳು. ಅವನು ಬಿತ್ತನೆ ಬೀಜಕ್ಕೆ ಸಾಲ ಮಾಡಿದವನು.'

ಅತ್ತೆ ಅನ್ನ ಬಡಿಸುತ್ತ, 'ಸತ್ತಿದ್ದು ಮೂರೂ ಹೆಣ್ಣೇ ಅಂತೆ, ಕಾವಿಗೆ ಕೂರೋ ಹೊತ್ತಲ್ಲಿ' ಎಂದಷ್ಟೇ ಅಂದರು. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮೆಕ್ಕೆಜೋಳಕ್ಕೆ ಎಕರೆಗೆ ಏಳೆಂಟು ಕಿಲೋ ಬೀಜ ಬೇಕು. ಕಂಪನಿ ಬೀಜ, ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು. ಬಿತ್ತಿದ ಮರುದಿನದಿಂದಲೇ ನವಿಲು ಸಾಲು ಹಿಡಿದು ಕೆದಕುತ್ತದೆ. ಉಳಿದ ಬೀಜ ಐದಾರು ದಿನಕ್ಕೆ ಮೊಳೆತರೆ, ಎಳೆಯ ಸಸಿಯನ್ನು ಕಿತ್ತು ಬುಡದ ಕಾಳನ್ನು ತಿನ್ನುತ್ತದೆ. ಅಲ್ಲಲ್ಲಿ ಖಾಲಿ ಬಿದ್ದ ಸಾಲಿಗೆ ಮತ್ತೆ ಬೀಜ ಹಾಕಿದರೆ ಬೆಳೆ ಒಂದೇ ಸಮ ಬರುವುದಿಲ್ಲ. ಹಂದಿಯಾದರೆ ಬೈಯಬಹುದು, ಮಂಗನಾದರೆ ಕಲ್ಲು ಬೀಸಬಹುದು. ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಶಿಷ್ಟದಲ್ಲಿ ಹುಲಿಯ ಜೊತೆ ಹೆಸರಿರುವ ಹಕ್ಕಿ. ಕೊಂದರೆ ಮೂರರಿಂದ ಏಳು ವರ್ಷ ಜೈಲು. ಮೇಲೆ ಸುಬ್ರಹ್ಮಣ್ಯನ ವಾಹನ. ಕಾನೂನಿಗೂ ದೇವರಿಗೂ ಹೆದರಬೇಕಾದ ಕಡೆ ಮನುಷ್ಯ ಕತ್ತಲಲ್ಲಿ ಕಾಳು ಚೆಲ್ಲುತ್ತಾನೆ.

ಸಂಖ್ಯೆ ಹೆಚ್ಚಾಗಿದೆ ಎಂಬುದು ರೈತರ ಭ್ರಮೆಯಲ್ಲ. 2020ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ದೇಶದ ಅನೇಕ ಹಕ್ಕಿಗಳು ಕಡಿಮೆಯಾಗುತ್ತಿರುವಾಗ ನವಿಲು ಹೆಚ್ಚುತ್ತಿದೆ ಎಂದಿತು. ಗೋವಾದಲ್ಲಿ 2016ರಲ್ಲೇ, ನವಿಲನ್ನು ಬೆಳೆಗೆ ಪೀಡೆಯಾದ ಪ್ರಾಣಿಗಳ ಪಟ್ಟಿಗೆ ಸೇರಿಸುವ ಮಾತು ಸರಕಾರದ ಮಟ್ಟದಲ್ಲಿ ಎದ್ದು ಗದ್ದಲವಾಗಿತ್ತು. ನಮ್ಮ ರಾಜ್ಯ ನವಿಲಿಗೆಂದೇ ಮಂಡ್ಯ ಜಿಲ್ಲೆಯ ಆದಿಚುಂಚನಗಿರಿಯಲ್ಲಿ, ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯಲ್ಲಿ ಧಾಮಗಳನ್ನು ಮಾಡಿದೆ. ಆದರೆ ನವಿಲು ಧಾಮದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಮಾವನಂಥವರ ಹೊಲದ ಅಂಚಿನಲ್ಲಿ ಇದೆ.

ಈ ಜಗಳ ನಮ್ಮದಷ್ಟೇ ಅಲ್ಲ ಎಂದು ತಿಳಿದದ್ದು ಎಮುವಿನಿಂದ. ಎಮುವನ್ನು ನಾನು ನೋಡಿದ್ದು ಮೈಸೂರಿನ ಮೃಗಾಲಯದ ಬೇಲಿಯಾಚೆ. ಆಸ್ಟ್ರೇಲಿಯಾದಲ್ಲಿ ಅದು ಕುರುಚಲಿನ ಹಕ್ಕಿ, ನಮ್ಮ ನವಿಲಿನ ಹಾಗೆ. ಕಾಂಗರೂ ಜೊತೆಗೆ ಆ ದೇಶದ ಲಾಂಛನದಲ್ಲಿ ನಿಂತಿರುವುದೂ ಅದೇ. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಹೊಲಗಳಿಗೆ ಸುಮಾರು 20,000 ಎಮುಗಳು ನುಗ್ಗಿದವು. ಅಲ್ಲಿನ ರೈತರಲ್ಲಿ ಬಹಳಷ್ಟು ಜನ ಮೊದಲನೆಯ ಮಹಾಯುದ್ಧದಿಂದ ಮರಳಿದ ಸಿಪಾಯಿಗಳು. ಗೋಧಿಯ ಬೆಲೆ ಬಿದ್ದಿತ್ತು, ಕಾಡು ಕಡಿದು ಹೊಲ ಮಾಡಿದ ಕಡೆ ನೀರಿತ್ತು, ಹಕ್ಕಿಗಳು ಬಂದವು. ಸರಕಾರ ಎರಡು ಮೆಷಿನ್‌ಗನ್ನು, 10,000 ಗುಂಡು ಕೊಟ್ಟು ಸೈನಿಕರನ್ನು ಕಳಿಸಿತು. ಎಮುಗಳು ಗುಂಪೊಡೆದು ಓಡಿದವು. ಗುಂಡು ಖರ್ಚಾಯಿತು, ಹಕ್ಕಿಗಳು ಉಳಿದವು. ಪತ್ರಿಕೆಗಳು ನಕ್ಕವು. ಕೊನೆಗೆ ಕೆಲಸಕ್ಕೆ ಬಂದದ್ದು ಉದ್ದನೆಯ ಬೇಲಿಗಳು.

ಇದನ್ನು ಮಾವನಿಗೆ ಹೇಳಿದೆ. ಮಾವ ಚೆನ್ನಾಗಿ ನಕ್ಕರು. ಎಮುವಿನಲ್ಲಿ ಗಂಡೇ ಎಂಟು ವಾರ ಊಟ ಬಿಟ್ಟು ಕಾವು ಕೂರುತ್ತದೆ ಎಂದಾಗ ಅತ್ತೆಯೂ ನಕ್ಕರು. ನಗು ನಿಂತ ಮೇಲೆ ಮಾವ ಅಂದರು: 'ಅಲ್ಲಿ ಸರ್ಕಾರ ಮಿಲಿಟರಿ ಕಳಿಸ್ತು. ಇಲ್ಲಿ ಯಾರನ್ನ ಕಳಿಸುತ್ತೆ? ಎರಡು ಎಕರೆಗೆ ಬೇಲಿ ಹಾಕಿದ್ರೆ ಹಾರೋ ಹಕ್ಕಿ ನಿಲ್ಲುತ್ತಾ?'

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಇತ್ತು. ಎರಡು ವರ್ಷದ ಬೆಳಗುಗಳನ್ನು ಮತ್ತೆ ಓದಿದಾಗ ಒಂದು ವಿಷಯ ಕಂಡಿತು. ನವಿಲುಗಳು ಹೊಲಕ್ಕೆ ಇಳಿಯುತ್ತಿದ್ದುದು ದಿನಕ್ಕೆ ಎರಡು ಹೊತ್ತು: ಬೆಳಗ್ಗೆ ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು, ಸಂಜೆ ಮರ ಹತ್ತುವ ಮೊದಲಿನ ಒಂದೂವರೆ ತಾಸು. ಬರುವುದು ಗುಡ್ಡದ ಕಡೆಯ ಎರಡು ಕಂಡಿಗಳಿಂದ ಮಾತ್ರ. ನಾಲ್ಕು ಎಲೆ ಒಡೆದ ಜೋಳದ ತಂಟೆಗೆ ಅವು ಹೋಗುತ್ತಿರಲಿಲ್ಲ. ಆ ಹೊತ್ತಿಗೆ ಬುಡದ ಕಾಳು ಕರಗಿರುತ್ತದೆ. ಅಂದರೆ ಬಿತ್ತಿದ ಮೇಲೆ ಹನ್ನೆರಡು ದಿನ, ದಿನಕ್ಕೆ ಮೂರೂವರೆ ತಾಸು ಕಾದರೆ ಸಾಕು.

'ಹಾಗಾದ್ರೆ ನೀನೇ ಬಂದು ಕಾಯಿ' ಎಂದರು ಮಾವ. ಸವಾಲಿನ ಹಾಗೆ ಹೇಳಿದ್ದು. ಈ ವರ್ಷ ಮೊದಲ ಮಳೆ ಬಿದ್ದು ಬಿತ್ತನೆಯಾದ ದಿನ ನಾನು ಬಟ್ಟೆಯ ಬ್ಯಾಗು ಹಿಡಿದು ಹೋಗಿ ಮಾವನ ಮನೆಯಲ್ಲಿ ನಿಂತೆ.

ನನ್ನ ಪದಪಟ್ಟಿಯಲ್ಲಿ ಕಾವಲಿಗೆ ಸಂಬಂಧಿಸಿದ ಮಾತುಗಳು ಒಂದು ಪುಟ ತುಂಬಿವೆ: ಬೆರ್ಚಪ್ಪ, ಅಟ್ಟಣೆ, ಕವಣೆ, ತಗಡಿನ ಡಬ್ಬ. ಅವನ್ನು ಬರೆದುಕೊಂಡಿದ್ದೆ, ಬಳಸಿರಲಿಲ್ಲ. ಬೆರ್ಚಪ್ಪನಿಗೆ ನವಿಲು ಎರಡೇ ದಿನ ಹೆದರಿತು. ಮೂರನೆಯ ದಿನ ಅದರ ನೆರಳಿನಲ್ಲೇ ಕೆದಕುತ್ತಿತ್ತು. ಅತ್ತೆಯ ಹಳೆಯ ಸೀರೆಗಳನ್ನು ಕಂಡಿಗಳಿಗೆ ಅಡ್ಡ ಕಟ್ಟಿದ್ದು ಹೆಚ್ಚು ನಡೆಯಿತು. ಎಲ್ಲಕ್ಕಿಂತ ಕೆಲಸ ಮಾಡಿದ್ದು ಎದ್ದು ನಡೆದು ಹೋಗುವುದು. ಓಡಬೇಕಿಲ್ಲ, ಕೂಗಬೇಕಿಲ್ಲ. ಅವು ಕಂಡಿಗೆ ಬರುವ ಮೊದಲೇ ಅಲ್ಲಿ ಮನುಷ್ಯರೊಬ್ಬರು ಓಡಾಡುತ್ತಿದ್ದರೆ ಸಾಕು, ನಿಂತು ನೋಡಿ, ಗುಡ್ಡದ ಕಡೆಗೆ ತಿರುಗಿ, ಗೆದ್ದಲು ಕೆದಕಲು ಹೋಗುತ್ತಿದ್ದವು. ಎರಡು ವರ್ಷ ಅವಕ್ಕೆ ಕಾಣದಂತೆ ಕೂರುವುದನ್ನು ಕಲಿತಿದ್ದೆ. ಈಗ ಕಾಣುವಂತೆ ನಿಲ್ಲಬೇಕಿತ್ತು.

ಅದು ಹಿತವಾದ ಕೆಲಸವೇನಲ್ಲ. ಒಂದು ಹೆಣ್ಣು, ಎಡಗಾಲು ಸ್ವಲ್ಪ ಎಳೆಯುವಂಥದು, ಹಿಂದಿನ ವರ್ಷದಿಂದ ನನಗೆ ಗುರುತು. ದಿನವೂ ಅದೇ ಕಂಡಿಗೆ ಬರುತ್ತಿತ್ತು, ದಿನವೂ ನಾನೇ ಅದನ್ನು ತಿರುಗಿಸುತ್ತಿದ್ದೆ. ಏಳನೆಯ ದಿನದಿಂದ ಅದು ಬರಲಿಲ್ಲ. ಕಾವಿಗೆ ಕೂತಿರಬಹುದು ಎಂದುಕೊಂಡೆ. ಪೊದೆಯೊಳಗೆ ಹುಡುಕಲು ಹೋಗಲಿಲ್ಲ. ಗೂಡಿನ ತನಕ ಮನುಷ್ಯರು ನಡೆದ ಜಾಡನ್ನು ನಾಯಿಗಳು ಹಿಡಿಯುತ್ತವೆ.

ಹೊಲದ ಬದುವಿನ ಮೇಲೆ ಕೂತಾಗ ನಮ್ಮ ಭಾಷೆಯ ಒಂದು ಕ್ರಿಯಾಪದ ತಲೆಯಲ್ಲಿ ಸುತ್ತುತ್ತಿತ್ತು. ದನ ಕಾಯುವುದು ಎಂದರೆ ದನವನ್ನು ನೋಡಿಕೊಳ್ಳುವುದು. ಹಂದಿ ಕಾಯುವುದು ಎಂದರೆ ಹಂದಿಯಿಂದ ಹೊಲವನ್ನು ಉಳಿಸಿಕೊಳ್ಳುವುದು. ಬಸ್ಸು ಕಾಯುವುದು ಎಂದರೆ ಬರಲೆಂದು ಕೂರುವುದು. ದೇವರು ಕಾಯುವುದು ಮತ್ತೊಂದು. 'ಎಲ್ಲಿ ನಿಮ್ಮ ಸೊಸೆ?' ಎಂದು ಕೇಳಿದವರಿಗೆ ಅತ್ತೆ 'ನವಿಲು ಕಾಯಕ್ಕೆ ಹೋಗಿದಾಳೆ' ಎನ್ನುತ್ತಿದ್ದರು. ಯಾವ ಅರ್ಥದಲ್ಲಿ ಎಂದು ನನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಬರೆಯಬೇಕಾಗಿ ಬಂದರೆ, ನಾಲ್ಕರಲ್ಲಿ ಮೂರನ್ನಾದರೂ ಬರೆಯಬೇಕು.

ಹನ್ನೆರಡನೆಯ ದಿನ ಮಾವ ಸಾಲುಗಳ ನಡುವೆ ನಡೆದು ನೋಡಿದರು. ಖಾಲಿ ಬಿದ್ದ ಜಾಗಗಳಿದ್ದವು, ಮರುಬಿತ್ತನೆ ಬೇಕಾಗುವಷ್ಟು ಇರಲಿಲ್ಲ. ಮಾವ ಹೊಗಳುವವರಲ್ಲ. 'ನೀನು ಪಿಎಚ್‌ಡಿ ಮುಗಿಸಿ ಎಲ್ಲೋ ಮೇಷ್ಟ್ರಾಗಿ ಹೋಗ್ತೀಯ. ಆಮೇಲೆ ಯಾರು ಕಾಯ್ತಾರೆ?' ಎಂದರು.

ನ್ಯಾಯವಾದ ಪ್ರಶ್ನೆ. ಹಿಂದೆ ಈ ಕೆಲಸ ಮಾಡುತ್ತಿದ್ದವರು ಮನೆಯ ಮಕ್ಕಳು, ಮುದುಕರು. ಮಕ್ಕಳು ಈಗ ಬೆಳಗ್ಗೆ ಶಾಲೆಯ ವ್ಯಾನಿಗೆ ಕಾಯುತ್ತಾರೆ, ಅದು ಸರಿಯೇ. ಯುವಕರು ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿದ್ದಾರೆ. ನವಿಲು ಹೆಚ್ಚಾದದ್ದರ ಜೊತೆಗೆ ಬದುವಿನ ಮೇಲೆ ಕೂರುವ ಮನುಷ್ಯರು ಕಡಿಮೆಯಾದದ್ದೂ ಈ ಜಗಳದ ಅರ್ಧ ಭಾಗ. ರಾಷ್ಟ್ರಪಕ್ಷಿಯನ್ನು ಸಾಕುವ ಖರ್ಚನ್ನು ರಾಷ್ಟ್ರವೆಲ್ಲ ಹಂಚಿಕೊಳ್ಳದೆ, ಗುಡ್ಡದ ಪಕ್ಕದ ಎರಡು ಎಕರೆಯವರ ತಲೆಗೆ ಕಟ್ಟಿದರೆ ವಿಷದ ಕಾಳು ಮತ್ತೆ ಬೀಳುತ್ತದೆ. ಜೈಲಿನ ಭಯ ಅದನ್ನು ಒಂದು ರಾತ್ರಿ ತಡೆಯಬಹುದು, ಪ್ರತಿ ಜೂನ್ ತಿಂಗಳಲ್ಲೂ ತಡೆಯಲಾರದು.

ಮಾವನ ಪ್ರಶ್ನೆಗೆ ಉತ್ತರದ ಒಂದು ತುಂಡು ಆ ವಾರವೇ ಸಿಕ್ಕಿತು. ಕೆರೆಯ ಬದಿಯ ನಾಲ್ಕು ಹೊಲದವರು ಬೇರೆ ಬೇರೆ ವಾರ ಬಿತ್ತುವುದರಿಂದ, ನವಿಲುಗಳಿಗೆ ಒಂದು ಮುಗಿದ ಮೇಲೆ ಒಂದು ಹೊಸ ಹೊಲ ಸಿಗುತ್ತದೆ, ಕಾವಲು ತಿಂಗಳೆಲ್ಲ ಬೇಕಾಗುತ್ತದೆ. ನಾಲ್ವರೂ ಒಂದೇ ವಾರ ಬಿತ್ತಿದರೆ ಹನ್ನೆರಡೇ ದಿನ ಸಾಕು. ಮನೆಗೆ ಮೂರು ದಿನದ ಪಾಳಿ. ಇದನ್ನು ಕೆರೆ ಏರಿಯ ಮೇಲೆ ಮಾತಿಗೆ ಇಟ್ಟವರು ಮಾವನೇ. ಕೇಳಿದವರಲ್ಲಿ ಕಾಳು ಚೆಲ್ಲಿದ ಮನುಷ್ಯನೂ ಇದ್ದಿರಬೇಕು. ಯಾರೆಂದು ನಾನು ಕೇಳಲಿಲ್ಲ, ಮಾವ ಹೇಳಲಿಲ್ಲ. ಮೂವರು ಆಗಲಿ ಎಂದರು. ನಾಲ್ಕನೆಯವರು ಮಳೆ ನೋಡಿಕೊಂಡು ಹೇಳುತ್ತೇನೆ ಎಂದು ಬೀಡಿ ಹಚ್ಚಿದರು.